ಲೇಹ್‌ನಲ್ಲಿ ಐಟಿಟಿ ಕೆಂಪು ಗೆರೆ ದಾಟಿತು, ಒಂದು ದೀಪವೂ ಹೊತ್ತಲಿಲ್ಲ. ಯಾಕೆ?

ತುಂಗಾತೀರ | ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಪೈಲಟ್ ಅಲ್ಲ, ಶಿವಮೊಗ್ಗದಲ್ಲಿ ಮೇಷ್ಟ್ರು. ಎರಡು ವರ್ಷದಿಂದ ಮನೆಯ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಹಾರಿಸುತ್ತಿದ್ದೇನೆ. ಮೊದಲು ಸೆಸ್ನಾ 172 ಇತ್ತು. ಮೂರು ತಿಂಗಳಿಂದ ಸೆಸ್ನಾ 208ಬಿ ಗ್ರ್ಯಾಂಡ್ ಕ್ಯಾರವಾನ್ ಹಿಡಿದಿದ್ದೇನೆ. ಪರದೆಗಳಿರುವ ಹೊಸದಲ್ಲ, ಮುಳ್ಳಿನ ಗೇಜ್‌ಗಳಿರುವ ಹಳೆಯ ಮಾದರಿ.

ಮಂಗಳೂರಿನಿಂದ ಹೊರಟಾಗಲೆಲ್ಲ ಟೇಕಾಫ್‌ಗೆ ಟಾರ್ಕ್, ಅಂದರೆ ಪ್ರೊಪೆಲರ್ ತಿರುಗಿಸುವ ಬಲ, 1,865 ಅಡಿ-ಪೌಂಡ್ ಇಡುತ್ತೇನೆ. ಐಟಿಟಿ, ಅಂದರೆ ಎಂಜಿನ್ ಒಳಗಿನ ಬಿಸಿ, 805 ಡಿಗ್ರಿಯ ಒಳಗೇ ಇರುತ್ತದೆ. ಎಲ್ಲ ಸರಿ. ಮೊನ್ನೆ ಆಸೆಯಾಗಿ ಲೇಹ್‌ಗೆ ಹೋದೆ. ಹೊರಗೆ 20 ಡಿಗ್ರಿ ಬಿಸಿಲು. ಅದೇ ಅಭ್ಯಾಸದಲ್ಲಿ ಟಾರ್ಕ್ 1,865ಕ್ಕೆ ಬರಲಿ ಎಂದು ಪವರ್ ಲಿವರ್ ತಳ್ಳುತ್ತಾ ಹೋದೆ. ಟಾರ್ಕ್ ಅಲ್ಲಿಗೆ ಬರಲೇ ಇಲ್ಲ. ಐಟಿಟಿ ಮುಳ್ಳು ಮಾತ್ರ ಕೆಂಪು ಗೆರೆ ದಾಟಿ ಮೇಲೆ ಹೋಗಿತ್ತು. ನಾನು ಅದನ್ನು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಎಂಜಿನ್ ಕೆಟ್ಟಿತು ಎಂದು ಸಿಮ್ಯುಲೇಟರ್ ಹೇಳಿತು.

ನನ್ನ ಪ್ರಶ್ನೆ ಇಷ್ಟೇ. ಪ್ಯಾನೆಲ್‌ನ ಮೇಲೆ ಸಾಲಾಗಿ ಎಚ್ಚರಿಕೆ ದೀಪಗಳಿವೆ. ಬಾಗಿಲು ಸರಿಯಾಗಿ ಹಾಕದಿದ್ದರೆ ದೀಪ ಬರುತ್ತದೆ. ಬ್ಯಾಟರಿ ಬಿಸಿಯಾದರೆ ಬರುತ್ತದೆ. ಎಂಜಿನ್ ಸುಟ್ಟುಹೋಗುವಾಗ ಯಾಕೆ ಒಂದೂ ಬರಲಿಲ್ಲ? ಸಿಮ್ಯುಲೇಟರಿನ ತಪ್ಪೋ, ವಿಮಾನವೇ ಹಾಗೋ?

ಸ್ಪ್ಯಾನರ್_ರಾಯ | ಶನಿವಾರ, ರಾತ್ರಿ 10:55

ಮೇಷ್ಟ್ರೇ, ವಿಮಾನವೇ ಹಾಗೆ. ಹಳೆಯ ಕ್ಯಾರವಾನ್‌ನಲ್ಲಿ ಐಟಿಟಿಗೆ ಬೇರೆ ಎಚ್ಚರಿಕೆ ದೀಪ ಇಲ್ಲ. ಗೇಜ್ ಮೇಲಿನ ಕೆಂಪು ಗೆರೆಯೇ ಎಚ್ಚರಿಕೆ. ನಾನು ಮೂವತ್ತು ವರ್ಷ ವಿಮಾನಗಳ ನಿರ್ವಹಣೆ ಎಂಜಿನಿಯರ್ ಆಗಿದ್ದವನು, ಅದರಲ್ಲಿ ಬಹುಪಾಲು ಕ್ಯಾರವಾನ್‌ನಲ್ಲಿರುವ ಇದೇ ಪಿಟಿ6 ಎಂಜಿನ್ ಜೊತೆ ಕಳೆದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಿಟಿ6 ಒಳಗೆ ಎರಡು ಬೇರೆ ಬೇರೆ ಶಾಫ್ಟ್ ಇವೆ. ಇದು ಗೊತ್ತಾದರೆ ಗೇಜ್‌ಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಒಂದು ಶಾಫ್ಟ್‌ನಲ್ಲಿ ಗಾಳಿ ಒತ್ತುವ ಕಂಪ್ರೆಸರ್, ಅದನ್ನು ತಿರುಗಿಸುವ ಟರ್ಬೈನ್. ಇದರ ವೇಗ ತೋರಿಸುವುದೇ ಎನ್‌ಜಿ ಗೇಜ್, ಶೇಕಡಾ ಲೆಕ್ಕದಲ್ಲಿ. ಇನ್ನೊಂದು ಶಾಫ್ಟ್‌ನಲ್ಲಿ ಪವರ್ ಟರ್ಬೈನ್. ಅದು ಗೇರ್‌ಬಾಕ್ಸ್ ಮೂಲಕ ಪ್ರೊಪೆಲರ್ ತಿರುಗಿಸುತ್ತದೆ. ಕ್ಯಾರವಾನ್‌ನಲ್ಲಿ ಪ್ರೊಪೆಲರ್‌ಗೆ ಗರಿಷ್ಠ 1,900 ಆರ್‌ಪಿಎಂ. ಈ ಎರಡು ಶಾಫ್ಟ್‌ಗಳಿಗೆ ನಡುವೆ ಕಬ್ಬಿಣದ ಕೊಂಡಿ ಯಾವುದೂ ಇಲ್ಲ, ಬಿಸಿ ಗಾಳಿ ಅಷ್ಟೇ. ಎರಡು ಟರ್ಬೈನ್‌ಗಳ ನಡುವಿನ ಆ ಗಾಳಿ ಎಷ್ಟು ಬಿಸಿ ಎಂದು ಹೇಳುವುದು ಐಟಿಟಿ.

ಟಾರ್ಕ್ ಎಲ್ಲಿಂದ ಬರುತ್ತದೆ ಗೊತ್ತಾ? ಗೇರ್‌ಬಾಕ್ಸ್ ಒಳಗಿರುವ ಒಂದು ರಿಂಗ್ ಗೇರ್‌ನ ಹಲ್ಲುಗಳು ಓರೆಯಾಗಿವೆ. ಬಲ ಹೆಚ್ಚಾದಷ್ಟೂ ಅದು ಸ್ವಲ್ಪವೇ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಪಿಸ್ಟನ್ ಒತ್ತುತ್ತದೆ. ಆ ಪಿಸ್ಟನ್ ಹಿಂದಿನ ಎಣ್ಣೆಯ ಒತ್ತಡವೇ ನಿಮ್ಮ ಟಾರ್ಕ್. ಅಂದರೆ ಟಾರ್ಕ್ ಮಿತಿ ಗೇರ್‌ಬಾಕ್ಸ್ ಕಾಪಾಡಲು. ಐಟಿಟಿ ಮಿತಿ ಟರ್ಬೈನ್ ಬ್ಲೇಡ್ ಕಾಪಾಡಲು. ಎನ್‌ಜಿ ಮಿತಿ ಕಂಪ್ರೆಸರ್ ಕಡೆಯವರಿಗೆ, 101.6 ಶೇಕಡಾ. ಮೂರರಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಗೆ ಕೈ ನಿಲ್ಲಬೇಕು.

ಮಂಗಳೂರಿನಲ್ಲಿ ಗಾಳಿ ದಟ್ಟ. ಅಲ್ಲಿ ಟಾರ್ಕ್ ಮಿತಿ ಮೊದಲು ಬರುತ್ತದೆ. ಲೇಹ್ 10,682 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಲೆಕ್ಕದ ಉಷ್ಣತೆ ಸೊನ್ನೆಗಿಂತ 6 ಡಿಗ್ರಿ ಕೆಳಗೆ. ನೀವು ಹೇಳಿದ ದಿನ 20 ಡಿಗ್ರಿ. ಹೆಚ್ಚಾದ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ ಎಂಜಿನ್‌ಗೆ ಸಿಕ್ಕ ಗಾಳಿ ಸುಮಾರು 13,800 ಅಡಿ ಎತ್ತರದ್ದು. ಗಾಳಿ ಕಡಿಮೆ. ಅದೇ ಬಲ ಬೇಕೆಂದು ನೀವು ಇಂಧನ ಸುರಿದಿರಿ. ತಣ್ಣಗಾಗಿಸಲು ಗಾಳಿ ಇಲ್ಲ, ಬೆಂಕಿ ಮಾತ್ರ ಜಾಸ್ತಿ. ಐಟಿಟಿ ಏರದೆ ಏನು ಮಾಡೀತು?

ಇನ್ನು ದೀಪದ ಮಾತು. ಐಟಿಟಿ ತಾನಾಗಿ ಸುಮ್ನೆ ಏರುವುದಿಲ್ಲ. ಲಿವರ್ ತಳ್ಳಿದ ಕೈ ಏರಿಸುತ್ತದೆ. ತಳ್ಳುವ ಕೈಯಿರುವವನ ಕಣ್ಣು ಆ ಗೇಜ್ ಮೇಲೆ ಇರಲೇಬೇಕು ಎನ್ನುವುದು ಆ ಕಾಲದ ವಿನ್ಯಾಸದ ಲೆಕ್ಕ. ಕೈಯಲ್ಲಿ ಹಿಡಿಯದ, ಕಣ್ಣಿಗೆ ಬೀಳದ ಸಂಗತಿಗಳಿಗೆ ದೀಪ ಇಟ್ಟರು.

ಒಂದು ತಿದ್ದುಪಡಿ. ನಿಜವಾದ ಎಂಜಿನ್ ಹಾಗೆ ಹತ್ತು ನಿಮಿಷಕ್ಕೆ ನಿಂತುಬಿಡುವುದಿಲ್ಲ. ಬ್ಲೇಡ್‌ಗಳು ಬಿಸಿಗೆ ಕೂದಲೆಳೆಯಷ್ಟು ಉದ್ದವಾಗುತ್ತವೆ. ಅವುಗಳ ಆಯಸ್ಸು ಕರಗುತ್ತದೆ. ಹಾರಿಸಿದವನಿಗೆ ಏನೂ ಗೊತ್ತಾಗುವುದಿಲ್ಲ. ಯಾವಾಗಲೋ ನಮ್ಮಂಥವರು ಬಿಚ್ಚಿ ನೋಡಿದಾಗ ಗೊತ್ತಾಗುತ್ತದೆ. ಅದಕ್ಕೇ ಮಿತಿ ದಾಟಿದರೆ ಬಂದು ಹೇಳಿ, ಲಾಗ್‌ನಲ್ಲಿ ಬರೆಯಿರಿ ಎಂದು ಹುಡುಗರಿಗೆ ಕಾಲು ಹಿಡಿದು ಕೇಳುತ್ತಿದ್ದೆ.

ಅಡಿಕೆತೋಟ | ಭಾನುವಾರ, ಬೆಳಗ್ಗೆ 7:15

ರಾಯರೇ, ವಿವರಣೆ ಚೆನ್ನಾಗಿದೆ. ಆದರೆ ನನಗೆ ಒಪ್ಪಿಗೆ ಆಗಲಿಲ್ಲ. ನಮ್ಮ ತೋಟದ ಪಿಕಪ್ ಗಾಡಿಯಲ್ಲೇ ಎಂಜಿನ್ ಬಿಸಿಯಾದರೆ ಕೆಂಪು ದೀಪ ಬರುತ್ತದೆ. ಟೇಕಾಫ್ ಹೊತ್ತಿನಲ್ಲಿ ಪೈಲಟ್‌ಗೆ ನೂರೆಂಟು ಕೆಲಸ. ರನ್‌ವೇ ನೋಡಬೇಕು, ವೇಗ ನೋಡಬೇಕು, ರೇಡಿಯೊ ಕೇಳಬೇಕು. ಇನ್ನೊಂದು ಬಲ್ಬ್ ಇಟ್ಟಿದ್ದರೆ ಏನು ನಷ್ಟವಾಗುತ್ತಿತ್ತು?

ನೀಲಿ_ಲಗೂನ್ | ಭಾನುವಾರ, ಬೆಳಗ್ಗೆ 11:20

ಕುಂದಾಪುರದವನು, ಈಗ ಮಾಲ್ಡೀವ್ಸ್‌ನಲ್ಲಿ ಟ್ವಿನ್ ಆಟರ್ ಸೀಪ್ಲೇನ್ ಹಾರಿಸುತ್ತೇನೆ. ಅದಕ್ಕೆ ಮೊದಲು ಬೇರೆ ಕಡೆ ಕಿಂಗ್ ಏರ್ 200 ಹಾರಿಸುತ್ತಿದ್ದೆ. ಎರಡರಲ್ಲೂ ಇದೇ ಪಿಟಿ6 ಮನೆತನದ ಎಂಜಿನ್, ಎರಡೆರಡು.

ಅಡಿಕೆತೋಟ ಅವರ ಪ್ರಶ್ನೆ ನ್ಯಾಯವಾದದ್ದು. ನನ್ನ ಅನುಭವ ಹೇಳುತ್ತೇನೆ.

ದೀಪ ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತದೆ. ಗೇಜ್ ಕಥೆ ಹೇಳುತ್ತದೆ. ಟ್ವಿನ್ ಆಟರ್‌ನಲ್ಲಿ ಟಾರ್ಕ್ ಪಿಎಸ್‌ಐ ಲೆಕ್ಕದಲ್ಲಿದೆ, ಮಿತಿ 50. ರಾಯರು ಹೇಳಿದ ಎಣ್ಣೆಯ ಒತ್ತಡವನ್ನೇ ನೇರ ತೋರಿಸುತ್ತಾರೆ. ಐಟಿಟಿ ಮಿತಿ 725. ನಾವು ದಿನಾ ಒಂದೇ ದಾರಿ, ಒಂದೇ ಎತ್ತರ, ಹೆಚ್ಚೂ ಕಡಿಮೆ ಒಂದೇ ಸೆಕೆ. ಹಾಗಾಗಿ ಮುಳ್ಳುಗಳ ಜಾಗ ಬಾಯಿಪಾಠ ಆಗಿದೆ. ಕೆಲವು ದಿನ ಕಳೆದರೆ ಅದೇ ಟಾರ್ಕ್‌ಗೆ ಎಡಗಡೆ ಎಂಜಿನ್‌ನ ಐಟಿಟಿ ಸ್ವಲ್ಪ ಮೇಲೆ ನಿಲ್ಲುತ್ತದೆ. ಇನ್ನೂ ಮಿತಿಯ ಹತ್ತಿರವೂ ಬಂದಿಲ್ಲ. ಯಾವ ದೀಪವೂ ಬರುವುದಿಲ್ಲ. ಆದರೆ ನಮಗೆ ಗೊತ್ತಾಗುತ್ತದೆ, ಕಂಪ್ರೆಸರ್ ಬ್ಲೇಡ್ ಮೇಲೆ ಸಮುದ್ರದ ಉಪ್ಪು ಕೂತಿದೆ. ಬರೆದು ಕೊಡುತ್ತೇವೆ. ಕಂಪ್ರೆಸರ್ ತೊಳೆಯುತ್ತಾರೆ. ಮರುದಿನ ಮುಳ್ಳು ಮತ್ತೆ ಹಳೆಯ ಜಾಗಕ್ಕೆ. ತೊಳೆದ ಮಾರನೆಯ ಬೆಳಗ್ಗೆ ಆ ಮುಳ್ಳು ನೋಡುವುದು ನನಗೆ ಈಗಲೂ ಖುಷಿಯ ಕ್ಷಣ.

ದೀಪ ಬರಲಿ ಎಂದು ಕಾದಿದ್ದರೆ ಆ ಹೊತ್ತಿಗೆ ತಡವಾಗಿರುತ್ತಿತ್ತು. ಹಾಗಂತ ದೀಪ ಬೇಡ ಎಂದು ನಾನು ಹೇಳುತ್ತಿಲ್ಲ. ದೀಪವೂ ಸಾಲದೆ ಹೋದ ಘಟನೆಗಳಿವೆ. ಸಂಜೆ ಬರೆಯುತ್ತೇನೆ, ಈಗ ವಿಮಾನ ಕಾಯುತ್ತಿದೆ.

ಜಕ್ಕೂರು_ಹಕ್ಕಿ | ಭಾನುವಾರ, ಮಧ್ಯಾಹ್ನ 1:05

ನಾನು ತರಬೇತಿಯಲ್ಲಿರುವವಳು. ಟರ್ಬೈನ್‌ನಿಂದ ಪ್ರೊಪೆಲರ್ ತಿರುಗುವ ಟರ್ಬೊಪ್ರಾಪ್ ಮುಟ್ಟಿಲ್ಲ, ಸೆಸ್ನಾ 172 ಅಷ್ಟೇ. ಆದರೆ ದೀಪ ಬರದೆ ಹೋದ ಒಂದು ಅನುಭವ ಇದೆ.

ವಿಮಾನ ಮೂರು ದಿನ ಹೊರಗೆ ನಿಂತಿತ್ತು. ಎದುರು ಗಾಳಿ ಹಿಡಿದು ವೇಗ ಅಳೆಯುವ ಪಿಟೊ ಕೊಳವೆಯ ಮೇಲೆ ಹೊದಿಕೆ ಇರಲಿಲ್ಲ. ನಾನು ಸುತ್ತು ಹಾಕಿ ನೋಡುವಾಗ ಕೊಳವೆಯ ಬಾಯಿಯನ್ನು ಬಗ್ಗಿ ನೋಡಲಿಲ್ಲ. ರನ್‌ವೇಯಲ್ಲಿ ಓಟ ಶುರುವಾಯಿತು. ವೇಗದ ಮುಳ್ಳು ಎದ್ದ ಕೂಡಲೇ ಜೋರಾಗಿ ಹೇಳಬೇಕು ಎಂದು ನಮಗೆ ಕಲಿಸಿದ್ದಾರೆ. ನಾನು ಹೇಳಲು ಬಾಯಿ ತೆರೆದೆ, ಮುಳ್ಳು ಏಳಲೇ ಇಲ್ಲ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಸರ್ ಏನೂ ಹೇಳದೆ ನನ್ನನ್ನೇ ನೋಡುತ್ತಿದ್ದರು. ಥ್ರಾಟಲ್ ಹಿಂದಕ್ಕೆ ಎಳೆದೆ. ವಾಪಸ್ ಬಂದು ನೋಡಿದರೆ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು!

ಮೂರೇ ದಿನ. ಅವತ್ತಿನಿಂದ ಬಗ್ಗಿ ನೋಡದೆ ವಿಮಾನ ಹತ್ತಿಲ್ಲ.

ಸ್ಪ್ಯಾನರ್_ರಾಯ | ಭಾನುವಾರ, ಮಧ್ಯಾಹ್ನ 2:30

ತಂಗಿ, ಥ್ರಾಟಲ್ ಎಳೆದ ಕೈಗೆ ನನ್ನ ನಮಸ್ಕಾರ.

ಇದೇ ಹುಳದ ಗೂಡಿನಿಂದ ಆಯಿತು ಎಂದು ನಂಬಲಾದ ದೊಡ್ಡ ದುರಂತ ಒಂದಿದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನ ಪುಯೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್‌ಏರ್ 301. ಬೋಯಿಂಗ್ 757. ಅದೂ ಕೆಲವು ವಾರ ಹಾರದೆ ನಿಂತಿತ್ತು, ಹೊರಡುವ ಮೊದಲಿನ ಕೆಲವು ದಿನ ಪಿಟೊ ಮೇಲೆ ಹೊದಿಕೆ ಇರಲಿಲ್ಲ. 189 ಜನ ಹೋದರು. ಪಿಟೊ ಕಟ್ಟಿಕೊಂಡರೆ ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡ ಬದಲಾಗುವುದಿಲ್ಲ. ಮೇಲೆ ಏರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ. ಆಗ ವೇಗದ ಮುಳ್ಳು ಎತ್ತರ ಅಳೆಯುವ ಮುಳ್ಳಿನ ಹಾಗೆ ಏರುತ್ತಾ ಹೋಗುತ್ತದೆ. ವೇಗ ಜಾಸ್ತಿಯಾಯಿತು ಎಂದು ಮೂಗು ಎತ್ತಿದರೆ ವಿಮಾನದ ವೇಗ ನಿಜವಾಗಿ ಇಳಿದು ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಎತ್ತುವ ಬಲ ಸಾಲದಾಗುತ್ತದೆ. ಆ ವಿಮಾನದಲ್ಲಿ ಎಚ್ಚರಿಕೆಗಳಿಗೆ ಬರ ಇರಲಿಲ್ಲ. ವೇಗ ಮಿತಿ ಮೀರಿತು ಎನ್ನುವ ಸದ್ದೂ ಬಂತು, ಸ್ಟಾಲ್ ಆಗುತ್ತಿದೆ ಎನ್ನುವ ನಡುಕವೂ ಬಂತು. ಒಂದಕ್ಕೊಂದು ವಿರುದ್ಧ. ಯಾವುದನ್ನು ನಂಬುವುದು?

ಹೊರಗಿನ ಗಾಳಿಯ ಒತ್ತಡ ತಿಳಿಸುವ ಸ್ಟ್ಯಾಟಿಕ್ ರಂಧ್ರ ಕಟ್ಟಿಕೊಂಡರೆ ಕಥೆ ಬೇರೆ. ಎತ್ತರದ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಏರಿಳಿತದ ಮುಳ್ಳು ಸೊನ್ನೆಯಲ್ಲಿ ಮಲಗುತ್ತದೆ. ಏರುವಾಗ ವೇಗ ಕಡಿಮೆ ತೋರಿಸುತ್ತದೆ, ಇಳಿಯುವಾಗ ಜಾಸ್ತಿ. ಅದಕ್ಕೆ ಪರ್ಯಾಯ ಸ್ಟ್ಯಾಟಿಕ್ ಗುಂಡಿ ಇದೆ. ಕ್ಯಾರವಾನ್‌ನಲ್ಲೂ ಇದೆ ಮೇಷ್ಟ್ರೇ, ಹುಡುಕಿ ನೋಡಿ.

ತುಂಗಾತೀರ | ಭಾನುವಾರ, ಸಂಜೆ 5:10

ಹುಡುಕಿದೆ, ಸಿಕ್ಕಿತು. ಎಲ್ಲರಿಗೂ ಧನ್ಯವಾದ. ರಾಯರೇ, ಕೈಯಲ್ಲಿ ಹಿಡಿಯದ ಸಂಗತಿಗಳಿಗೆ ದೀಪ ಅಂದಿರಿ. ಕ್ಯಾರವಾನ್‌ನ ದೀಪಗಳಲ್ಲಿ ನಿಮಗೆ ಮುಖ್ಯ ಅನಿಸುವವು ಯಾವುವು? ಕೈಪಿಡಿಯಲ್ಲಿ ಎಲ್ಲವನ್ನೂ ಒಂದೇ ದನಿಯಲ್ಲಿ ಬರೆದಿದ್ದಾರೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಗೊತ್ತಾಗುವುದಿಲ್ಲ.

ಸ್ಪ್ಯಾನರ್_ರಾಯ | ಭಾನುವಾರ, ರಾತ್ರಿ 8:45

ಬಣ್ಣ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಕೆಂಪು ಅಂದರೆ ಈಗಲೇ ಏನಾದರೂ ಮಾಡು. ಹಳದಿ ಅಂದರೆ ಗಮನ ಕೊಡು, ಸ್ವಲ್ಪದರಲ್ಲೇ ಏನಾದರೂ ಮಾಡಬೇಕಾಗಬಹುದು. ಹಸಿರು ಅಂದರೆ ಏನೋ ಚಾಲೂ ಇದೆ, ತಿಳಿದಿರಲಿ. ಇಗ್ನಿಷನ್ ಚಾಲೂ ಇದ್ದರೆ ಹಸಿರು ಬರುತ್ತದೆ, ಹಾಗೆ.

ನಾನು ಗೌರವ ಕೊಡುವ ಮೊದಲ ದೀಪ ರಿಸರ್ವಾಯರ್ ಫ್ಯೂಯೆಲ್ ಲೋ. ಕೆಂಪು. ಕ್ಯಾರವಾನ್‌ನ ಎರಡು ರೆಕ್ಕೆಗಳಿಂದ ಇಂಧನ ತಾನಾಗಿ ಇಳಿದು ಹೊಟ್ಟೆಯ ಕೆಳಗಿನ ಒಂದು ಪುಟ್ಟ ಟ್ಯಾಂಕಿಗೆ ಬರುತ್ತದೆ. ಅಲ್ಲಿಂದ ಎಂಜಿನ್‌ಗೆ. ಆ ಪುಟ್ಟ ಟ್ಯಾಂಕ್ ಅರ್ಧಕ್ಕೆ ಇಳಿದರೆ ದೀಪ ಹೊತ್ತುತ್ತದೆ. ಪೂರ್ತಿ ಶಕ್ತಿಯಲ್ಲಿ ಆ ಉಳಿದ ಇಂಧನ ಸುಮಾರು ಒಂದೂವರೆ ನಿಮಿಷಕ್ಕೆ ಸಾಕು. ರೆಕ್ಕೆಯ ಗೇಜ್‌ಗಳು ತುಂಬಿದೆ ಎಂದು ತೋರಿಸುತ್ತಿದ್ದರೂ ಈ ದೀಪ ಬಂದರೆ ನಂಬಬೇಕು. ಇಂಧನ ಇದೆ, ಆದರೆ ಕೆಳಗೆ ಬರುತ್ತಿಲ್ಲ ಎಂದರ್ಥ. ಇಂಥದ್ದನ್ನು ಗೇಜ್ ನೋಡಿ ತಿಳಿಯಲು ಆಗುವುದಿಲ್ಲ. ದೀಪವೇ ಬೇಕು.

ರೆಕ್ಕೆಯ ಟ್ಯಾಂಕ್‌ಗಳನ್ನು ತೆರೆದು ಮುಚ್ಚುವ ಇಂಧನದ ಸೆಲೆಕ್ಟರ್‌ಗಳಿಗೆ ದೀಪದ ಜೊತೆ ಸದ್ದೂ ಇದೆ. ಎರಡೂ ಮುಚ್ಚಿದ್ದರೆ ಹಾರ್ನ್ ಹೊಡೆಯುತ್ತದೆ. ಒಂದನ್ನು ಮುಚ್ಚಿ, ತೆರೆದಿರುವ ಟ್ಯಾಂಕ್ 25 ಗ್ಯಾಲನ್‌ಗಿಂತ ಕೆಳಗೆ ಇಳಿದರೂ ಹೊಡೆಯುತ್ತದೆ. ಮರೆಯುವುದು ಮನುಷ್ಯ ಗುಣ. ಅದನ್ನು ಒಪ್ಪಿಕೊಂಡು ಮಾಡಿದ ಕೆಲಸ ಇದು.

ಬ್ಯಾಟರಿಯ ಎರಡು ದೀಪ. 60 ಡಿಗ್ರಿಗೆ ಹಳದಿ, 71ಕ್ಕೆ ಕೆಂಪು. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಒಮ್ಮೆ ಬಿಸಿಯಾಗಲು ಶುರುವಾದರೆ ಇನ್ನೂ ಕರೆಂಟ್ ಎಳೆದು ಇನ್ನೂ ಬಿಸಿಯಾಗುತ್ತದೆ. ಜನರೇಟರಿನಿಂದ ಬೇರೆ ಮಾಡದಿದ್ದರೆ ನಿಲ್ಲುವುದಿಲ್ಲ.

ಆಯಿಲ್ ಪ್ರೆಶರ್ ಲೋ ಕೆಂಪು. ಇದು ಬಂದಾಗ ಎದೆ ಧಸಕ್ ಎನ್ನುವುದು ಸಹಜ. ಆದರೆ ಮೊದಲು ಒತ್ತಡದ ಗೇಜ್ ನೋಡಿ, ಆಮೇಲೆ ಎಣ್ಣೆಯ ಬಿಸಿ ನೋಡಿ. ಮೂರೂ ಒಂದೇ ಮಾತು ಹೇಳಿದರೆ ಎಂಜಿನ್ ಕೈಕೊಡುತ್ತಿದೆ, ಇಳಿಯುವ ಜಾಗ ಹುಡುಕಿ. ದೀಪ ಮಾತ್ರ ಉರಿದು ಗೇಜ್ ಸರಿ ಇದ್ದರೆ ಸ್ವಿಚ್ ಕೆಟ್ಟಿರಬಹುದು. ಆಗಲೂ ಹತ್ತಿರದಲ್ಲಿ ಇಳಿಯುವುದೇ ಸರಿ, ಆದರೆ ಗಾಬರಿ ಬೇಡ. ಒಬ್ಬನ ದೂರು ಕೇಳಿ ಪಂಚಾಯ್ತಿ ತೀರ್ಪು ಕೊಡುವುದಿಲ್ಲ ಅಲ್ವಾ?

ಕೊನೆಗೆ ಚಿಪ್ ಡಿಟೆಕ್ಟರ್. ಹಳದಿ. ಇದರ ಮೇಲೆ ನನಗೆ ಪ್ರೀತಿ ಜಾಸ್ತಿ. ಗೇರ್‌ಬಾಕ್ಸ್ ತಳದಲ್ಲಿ ಒಂದು ಅಯಸ್ಕಾಂತದ ಪ್ಲಗ್. ಅದರಲ್ಲಿ ಎರಡು ತುದಿಗಳು, ನಡುವೆ ಸಣ್ಣ ಸಂದು. ಎಣ್ಣೆಯಲ್ಲಿ ಕಬ್ಬಿಣದ ಚೂರು ಬಂದರೆ ಅಯಸ್ಕಾಂತ ಹಿಡಿಯುತ್ತದೆ, ಸಂದು ಸೇರುತ್ತದೆ, ದೀಪ ಹೊತ್ತುತ್ತದೆ. ಎಷ್ಟು ಸರಳ ನೋಡಿ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಒಂದೇ ವಿಮಾನದಲ್ಲಿ ಈ ದೀಪ ಎರಡು ವಾರದಲ್ಲಿ ಮೂರು ಸಲ ಬಂತು. ಮೂರು ಸಲವೂ ಪ್ಲಗ್ ಬಿಚ್ಚಿದೆ. ಬರೀ ಕಪ್ಪು ಮಸಿಯಂಥ ಪೇಸ್ಟ್, ಅದು ಸಾಮಾನ್ಯ. ವೈರ್ ಎಲ್ಲೋ ಉಜ್ಜುತ್ತಿದೆ ಎಂದು ಎಲ್ಲರೂ ಅಂದರು. ನಾಲ್ಕನೇ ಸಲ ಬಂದಾಗ ಮೇಲಿನವರು ನಾಳೆ ನೋಡೋಣ, ಇವತ್ತು ಹಾರಲಿ ಅಂದರು. ನಾನು ಸಹಿ ಹಾಕಲಿಲ್ಲ. ಮಾತಿಗೆ ಮಾತು ಬೆಳೆಯಿತು. ಸಂಜೆ ಪ್ಲಗ್ ಬಿಚ್ಚಿದೆ. ಅವತ್ತು ಪೇಸ್ಟ್ ಜೊತೆ ಬೆರಳ ಉಗುರಿನ ತುದಿಯಷ್ಟು ಹೊಳೆಯುವ ಚಕ್ಕೆ ಇತ್ತು. ಗೇರ್‌ಬಾಕ್ಸ್ ಇಳಿಸಿದಾಗ ಬೇರಿಂಗ್ ಸಿಪ್ಪೆ ಏಳುತ್ತಿತ್ತು. ಆ ಚಕ್ಕೆಯನ್ನು ಒಂದು ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಪೀಣ್ಯ_ಸರ್ಕ್ಯೂಟ್ | ಭಾನುವಾರ, ರಾತ್ರಿ 9:30

ರಾಯರೇ, ಆ ಡಬ್ಬಿಯ ಕಥೆ ಓದಿ ಮೈ ಜುಮ್ ಅಂತು.

ನಾನು ಎಲೆಕ್ಟ್ರಾನಿಕ್ಸ್ ಕಡೆಯವನು. ಒಂದು ಮಾತು ಸೇರಿಸಬೇಕು. ಕ್ಯಾರವಾನ್‌ಗೆ 2008ರಿಂದ ಗಾರ್ಮಿನ್ ಜಿ1000 ಪರದೆಗಳು ಬಂದವು. ಅದರಲ್ಲಿ ಐಟಿಟಿ ಮಿತಿ ದಾಟಿದರೆ ಅಂಕಿಯೇ ಕೆಂಪಾಗುತ್ತದೆ. ಎಚ್ಚರಿಕೆಗಳು ದೀಪದ ಬದಲು ಪರದೆಯಲ್ಲಿ ಅಕ್ಷರಗಳಾಗಿ ಬರುತ್ತವೆ. ಯಾವ ಸೆನ್ಸರ್ ಮಾತು ನಿಲ್ಲಿಸಿದೆಯೋ ಅದರ ಮೇಲೆ ದೊಡ್ಡ ಕೆಂಪು ಕತ್ತರಿ ಗುರುತು. ಮುಳ್ಳಿನ ಗೇಜ್ ಕೆಟ್ಟಾಗ ಸುಮ್ನೆ ಸುಳ್ಳು ತೋರಿಸುತ್ತಾ ಕೂರಬಹುದು. ಪರದೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಇದು ದೊಡ್ಡ ಗುಣ.

ಅಡಿಕೆತೋಟ ಅವರು ಕೇಳಿದ ಬಲ್ಬ್ ಒಂದು ರೀತಿಯಲ್ಲಿ ಬಂದೇ ಬಂತು. ಪೈಲಟ್ ನೋಡಿಕೊಳ್ಳಲಿ ಎಂದು ಬಿಟ್ಟಿದ್ದನ್ನು ವಿನ್ಯಾಸದವರೇ ನಂತರ ಬದಲಿಸಿದರು.

ನೀಲಿ_ಲಗೂನ್ | ಭಾನುವಾರ, ರಾತ್ರಿ 10:40

ಬೆಳಗ್ಗೆ ಬಾಕಿ ಇಟ್ಟ ಮಾತು ಈಗ.

ಕಿಂಗ್ ಏರ್ 200 ಕಾಕ್‌ಪಿಟ್‌ನಲ್ಲಿ ದೀಪಗಳು ಎರಡು ಕಡೆ ಇವೆ. ಕೆಂಪು ಎಲ್ಲ ಮೇಲೆ, ಗಾಜಿನ ಕೆಳಗಿನ ಅಂಚಿನಲ್ಲಿ. ಹಳದಿ ಮತ್ತು ಹಸಿರು ಕೆಳಗೆ, ನಡುವಿನ ಪ್ಯಾನೆಲ್‌ನಲ್ಲಿ. ಯಾವ ಕೆಂಪು ಬಂದರೂ ಇಬ್ಬರ ಮುಖದ ಮುಂದೆಯೂ ಮಾಸ್ಟರ್ ವಾರ್ನಿಂಗ್ ಮಿಣುಕುತ್ತದೆ. ಒತ್ತಿ ಆರಿಸಿ, ಆಮೇಲೆ ಮೇಲೆ ಯಾವ ದೀಪ ಎಂದು ಓದಬೇಕು.

ಅದರಲ್ಲಿ ಒಂದು ಕೆಂಪು ದೀಪ ಆಲ್ಟ್ ವಾರ್ನ್. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಇಳಿದು ಒಳಗೇ 12,500 ಅಡಿ ಎತ್ತರದಷ್ಟಾದರೆ ಹೊತ್ತುತ್ತದೆ. ಈ ದೀಪದ ಬಗ್ಗೆ ಪಾಠ ಮಾಡುವಾಗ ನಮ್ಮ ಟ್ರೈನರ್ ಆಸ್ಟ್ರೇಲಿಯಾದ ಒಂದು ಘಟನೆ ಹೇಳಿದರು. ಆಮೇಲೆ ಅದರ ತನಿಖಾ ವರದಿ ನಾನೇ ಓದಿದೆ.

2000ದ ಸೆಪ್ಟೆಂಬರ್ 4. ಒಂದು ಕಿಂಗ್ ಏರ್ 200 ಪರ್ತ್‌ನಿಂದ ಲಿಯೊನೊರಾಕ್ಕೆ ಹೊರಟಿತು. ಒಬ್ಬ ಪೈಲಟ್, ಗಣಿಗೆ ಹೋಗುವ ಏಳು ಜನ. 25,000 ಅಡಿಗೆ ಏರಲು ಅನುಮತಿ ಇತ್ತು. ವಿಮಾನ ಅಲ್ಲಿ ನಿಲ್ಲದೆ ಏರುತ್ತಲೇ ಹೋಯಿತು. ನಿಯಂತ್ರಣ ಕೇಂದ್ರ ಕರೆದಾಗ ಪೈಲಟ್ ಮಾತು ಅರ್ಥವಾಗಲಿಲ್ಲ. ಆಮೇಲೆ ಉಸಿರಿನ ಸದ್ದು ಮಾತ್ರ. ವಿಮಾನ ಸುಮಾರು ಐದು ಗಂಟೆ ಹಾರಿ, ಇಡೀ ಖಂಡ ದಾಟಿ, ಕ್ವೀನ್ಸ್‌ಲ್ಯಾಂಡ್‌ನ ಬರ್ಕ್‌ಟೌನ್ ಹತ್ತಿರ ಬಿತ್ತು. ಎಂಟೂ ಜನ ಹೋದರು.

ಒತ್ತಡ ಯಾಕೆ ಹೋಯಿತು ಎನ್ನುವುದು ತನಿಖೆಯಲ್ಲಿ ಖಚಿತವಾಗಲಿಲ್ಲ. ಆದರೆ ಆ ವಿಮಾನದಲ್ಲಿ ಇದ್ದದ್ದು ಕೆಂಪು ದೀಪ ಮಾತ್ರ. ಸದ್ದು ಇರಲಿಲ್ಲ. ಇದರ ಜೊತೆ ಸದ್ದಿನ ಎಚ್ಚರಿಕೆಯೂ ಕಡ್ಡಾಯ ಆಗಲಿ ಎಂದು ತನಿಖಾ ಸಂಸ್ಥೆ ಶಿಫಾರಸು ಮಾಡಿತು.

ನನಗೆ ಇಲ್ಲಿ ರಾಯರ ಮಾತು ನಿಂತುಹೋಗುತ್ತದೆ ಎನಿಸುತ್ತದೆ. ಕಣ್ಣು ಗೇಜ್ ಮೇಲೆ ಇರಬೇಕು ಎನ್ನುವುದು ಸರಿ. ಆದರೆ ಆಮ್ಲಜನಕ ಕಡಿಮೆಯಾದರೆ ಮೊದಲು ಕೈಕೊಡುವುದು ಬುದ್ಧಿ. 25,000 ಅಡಿಯಲ್ಲಿ ಮೂರರಿಂದ ಐದು ನಿಮಿಷ ಸರಿಯಾಗಿ ಯೋಚಿಸಬಹುದು. 35,000ದಲ್ಲಿ ಒಂದು ನಿಮಿಷವೂ ಇಲ್ಲ. ನೋವಿಲ್ಲ, ಉಸಿರು ಕಟ್ಟುವುದಿಲ್ಲ. ಎಲ್ಲ ಚೆನ್ನಾಗಿದೆ ಎನ್ನುವ ಭಾವ. ತರಬೇತಿಯಲ್ಲಿ ಒತ್ತಡ ಇಳಿಸುವ ಕೋಣೆಯಲ್ಲಿ ನನ್ನನ್ನು ಕೂರಿಸಿ ಕೂಡಿಸುವ ಲೆಕ್ಕ ಕೊಟ್ಟಿದ್ದರು. ಎಲ್ಲ ಸರಿ ಮಾಡಿದೆ ಎಂದೇ ಅಂದುಕೊಂಡಿದ್ದೆ. ಹೊರಗೆ ಬಂದು ನೋಡಿದರೆ ಅರ್ಧಕ್ಕೇ ಬಿಟ್ಟಿದ್ದೆ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಆ ಹಾಳೆ ನನ್ನನ್ನು ಈಗಲೂ ಹೆದರಿಸುತ್ತದೆ.

ಅಂಥ ಹೊತ್ತಿನಲ್ಲಿ ಸುಮ್ಮನೆ ಉರಿಯುವ ದೀಪಕ್ಕಿಂತ ಕಿವಿಗೆ ಚುಚ್ಚುವ ಸದ್ದು ಬೇಕು.

ಅಡಿಕೆತೋಟ | ಭಾನುವಾರ, ರಾತ್ರಿ 11:05

ಕ್ಯಾಪ್ಟನ್, ಓದಿ ಮನಸ್ಸು ಭಾರವಾಯಿತು. ಹಾಗಾದರೆ ಸದ್ದು ಇಟ್ಟುಬಿಟ್ಟರೆ ಮುಗಿಯಿತಲ್ಲ?

ಸ್ಪ್ಯಾನರ್_ರಾಯ | ಸೋಮವಾರ, ಬೆಳಗ್ಗೆ 6:20

ಮುಗಿಯಲಿಲ್ಲ. 2005ರ ಆಗಸ್ಟ್ 14, ಸೈಪ್ರಸ್‌ನಿಂದ ಹೊರಟ ಹೀಲಿಯೊಸ್ 522. ಬೋಯಿಂಗ್ 737. ಕ್ಯಾಬಿನ್ ಒತ್ತಡದ ಸ್ವಿಚ್ ಆಟೊ ಬದಲು ಮ್ಯಾನ್ಯುಯಲ್‌ನಲ್ಲಿ ಉಳಿದಿತ್ತು. ಏರುವಾಗ ಹಾರ್ನ್ ಹೊಡೆಯಿತು. ಆದರೆ ಅದೇ ಹಾರ್ನ್‌ಗೆ ಎರಡು ಅರ್ಥ. ನೆಲದ ಮೇಲಿದ್ದರೆ ವಿಮಾನ ಟೇಕಾಫ್‌ಗೆ ಸಿದ್ಧವಿಲ್ಲ ಎಂದು. ಗಾಳಿಯಲ್ಲಿದ್ದರೆ ಕ್ಯಾಬಿನ್ ಒತ್ತಡ ಹೋಗಿದೆ ಎಂದು. ಪೈಲಟ್‌ಗಳು ಮೊದಲನೆಯದೆಂದು ತಿಳಿದರು. 121 ಜನ ಹೋದರು. ಆಮೇಲೆ ಆ ಮಾದರಿಗಳಲ್ಲಿ ಎರಡಕ್ಕೂ ಬೇರೆ ಬೇರೆ ದೀಪ ಬಂತು.

ಅಂದರೆ ಕ್ಯಾಪ್ಟನ್ ಹೇಳಿದ ಕಡೆ ದೀಪಕ್ಕೆ ಸದ್ದು ಬೇಕಿತ್ತು, ಇಲ್ಲಿ ಸದ್ದಿಗೆ ದೀಪ ಬೇಕಿತ್ತು. ನನ್ನ ಹಳೆಯ ನಂಬಿಕೆ ಪೂರ್ತಿ ಸರಿಯಲ್ಲ ಎಂದು ಕ್ಯಾಪ್ಟನ್ ಹೇಳಿದ್ದನ್ನು ರಾತ್ರಿಯೆಲ್ಲ ಯೋಚಿಸಿದೆ. ಒಪ್ಪುತ್ತೇನೆ. ನೋಡುವವನೇ ಸರಿ ಇಲ್ಲದಿದ್ದಾಗ ಗೇಜ್ ಯಾರಿಗೆ ಕಥೆ ಹೇಳಬೇಕು?

ಜಕ್ಕೂರು_ಹಕ್ಕಿ | ಸೋಮವಾರ, ಬೆಳಗ್ಗೆ 8:00

ಹೊಸ ಪರದೆಗಳಿರುವ ಸಣ್ಣ ವಿಮಾನಗಳಲ್ಲಿ ಇದು ನಿಂತಿದೆಯಾ ಕ್ಯಾಪ್ಟನ್?

ನೀಲಿ_ಲಗೂನ್ | ಸೋಮವಾರ, ಮಧ್ಯಾಹ್ನ 12:50

ಇಲ್ಲ ತಂಗಿ. 2014ರ ಸೆಪ್ಟೆಂಬರ್ 5ರಂದು ಅಮೆರಿಕದಲ್ಲಿ ಟಿಬಿಎಂ 900. ಆಗಷ್ಟೇ ಬಂದ ಮಾದರಿ, ಒಂದೇ ಎಂಜಿನ್ ಟರ್ಬೊಪ್ರಾಪ್, ಪರದೆಯ ಕಾಕ್‌ಪಿಟ್. 28,000 ಅಡಿಯಲ್ಲಿದ್ದಾಗ ವಿಮಾನದಲ್ಲಿ ಏನೋ ಸರಿಯಿಲ್ಲದ ಸೂಚನೆ ಬರುತ್ತಿದೆ, ಕೆಳಗಿಳಿಯಬೇಕು ಎಂದು ಪೈಲಟ್ ಕೇಳಿದರು. ಅವರು ಕೇಳಿದ್ದು 18,000. ಮೊದಲು ಸಿಕ್ಕಿದ್ದು 25,000. ದನಿ ಶಾಂತವಾಗಿತ್ತು, ತುರ್ತು ಎಂದು ಹೇಳಲಿಲ್ಲ. ನಿಮಿಷಗಳಲ್ಲಿ ಮಾತು ಕೆಟ್ಟಿತು. ವಿಮಾನ ಗಂಟೆಗಟ್ಟಲೆ ಹಾರಿ ಜಮೈಕಾ ಹತ್ತಿರ ಸಮುದ್ರಕ್ಕೆ ಬಿತ್ತು. ಇಬ್ಬರಿದ್ದರು.

ಸೂಚನೆ ಬಂದಿತ್ತು. ಅವರು ಓದಿಯೂ ಓದಿದ್ದರು. ಹಾಗಾಗಿ ನಾನು ಕಿಂಗ್ ಏರ್‌ಗೆ ಹೊಸಬರಿಗೆ ಕಲಿಸುವಾಗ ಒಂದೇ ಹಟ ಹಿಡಿಯುತ್ತಿದ್ದೆ. ಕ್ಯಾಬಿನ್ ಒತ್ತಡದ ಬಗ್ಗೆ ಯಾವ ಅನುಮಾನ ಬಂದರೂ ಮೊದಲು ಮಾಸ್ಕ್. ಯಾಕೆ ಬಂತು ಎನ್ನುವ ಯೋಚನೆ ಮಾಸ್ಕ್ ಹಾಕಿದ ಮೇಲೆ. ರೇಡಿಯೊದಲ್ಲಿ ತುರ್ತು ಎನ್ನುವ ಪದ ಹೇಳಿ, ಅನುಮತಿಗೆ ಕಾಯದೆ ಇಳಿಯಿರಿ. ತಪ್ಪು ಎಚ್ಚರಿಕೆ ಆಗಿದ್ದರೆ ಕೆಳಗೆ ಬಂದು ಕ್ಷಮೆ ಕೇಳೋಣ.

ಕ್ಯಾಬಿನ್ ಎತ್ತರದ ಗೇಜ್ ಪುಟ್ಟದು. ಏರುವಾಗ 10,000 ಅಡಿಯಲ್ಲಿ ಒಂದು ಸಲ, 20,000ದಲ್ಲಿ ಒಂದು ಸಲ ಅದರ ಮೇಲೆ ಬೆರಳಿಟ್ಟು ಜೋರಾಗಿ ಓದಿಸುತ್ತಿದ್ದೆ. ಬರೀ ಕಣ್ಣಾಡಿಸಿದರೆ ಮೆದುಳು ನಿನ್ನೆಯ ಅಂಕಿಯನ್ನೇ ತೋರಿಸುತ್ತದೆ. ಬೆರಳಿಟ್ಟರೆ ಇವತ್ತಿನದು ಕಾಣುತ್ತದೆ.

ಪೀಣ್ಯ_ಸರ್ಕ್ಯೂಟ್ | ಸೋಮವಾರ, ಮಧ್ಯಾಹ್ನ 1:15

ಬೆರಳಿಟ್ಟು ಓದುವ ಅಭ್ಯಾಸ ಪರದೆಗೂ ಬೇಕು. ಪರದೆ ಕೆಂಪು ತೋರಿಸುವವರೆಗೂ ಅಂಕಿ ಓದದ ಪೈಲಟ್‌ಗಳೂ ಇದ್ದಾರೆ.

ತುಂಗಾತೀರ | ಮಂಗಳವಾರ, ರಾತ್ರಿ 10:10

ಇವತ್ತು ಮತ್ತೆ ಲೇಹ್‌ಗೆ ಹೋದೆ. ಅದೇ 20 ಡಿಗ್ರಿ.

ಸ್ಟಾರ್ಟ್ ಮಾಡುವಾಗಲೇ ಕಣ್ಣು ಐಟಿಟಿ ಮೇಲೆ ಇಟ್ಟೆ. ಸ್ಟಾರ್ಟರ್ ಹಾಕಿ, ಎನ್‌ಜಿ 12 ಶೇಕಡಾ ದಾಟಿ ನಿಂತ ಮೇಲೆ ಇಂಧನದ ಲಿವರ್ ಮುಂದಕ್ಕೆ ತಳ್ಳಿದೆ. ಮುಳ್ಳು ಸರ್ರನೆ ಏರಿತು. ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ! ಏರಿ, ತಡೆದು, ನಿಧಾನಕ್ಕೆ ಇಳಿಯಿತು. ಸ್ಟಾರ್ಟ್‌ನಲ್ಲಿ 1,090 ದಾಟಬಾರದು ಎಂದು ಓದಿದ್ದೆ. ಕೈ ಲಿವರ್ ಮೇಲೆಯೇ ಇತ್ತು.

ಟೇಕಾಫ್‌ಗೆ ಟಾರ್ಕ್ ಮರೆತೆ. ಲಿವರನ್ನು ಐಟಿಟಿ ನೋಡುತ್ತಾ ತಳ್ಳಿದೆ. 800ರ ಹತ್ತಿರ ನಿಲ್ಲಿಸಿದೆ. ಟಾರ್ಕ್ 1,865ಕ್ಕಿಂತ ಎಷ್ಟೋ ಕೆಳಗಿತ್ತು. ರನ್‌ವೇ ಮುಗಿಯುತ್ತದೇನೋ ಎನ್ನುವಷ್ಟು ಉದ್ದ ಓಟ. ಎದ್ದಿತು. ಸಿಂಧೂ ನದಿಯ ಮೇಲೆ ತಿರುಗಿ ವಾಪಸ್ ಬಂದು ಇಳಿದೆ. ಎಂಜಿನ್ ಚೆನ್ನಾಗಿದೆ.

ಒಂದು ಅನುಮಾನ ಉಳಿದಿದೆ. ಸ್ಟಾರ್ಟ್‌ನಲ್ಲಿ ಐಟಿಟಿ ಎಷ್ಟು ಬೇಗ ಏರಿದರೆ ಕೈ ಎಳೆಯಬೇಕು? 1,090 ಬರುವವರೆಗೂ ಕಾಯುವುದಾ?

ಸ್ಪ್ಯಾನರ್_ರಾಯ | ಬುಧವಾರ, ಬೆಳಗ್ಗೆ 6:05

ಕಾಯಬೇಡಿ. ಮುಳ್ಳು ಎಲ್ಲಿದೆ ಎನ್ನುವುದಕ್ಕಿಂತ ಎಷ್ಟು ಜೋರಾಗಿ ಓಡುತ್ತಿದೆ ಎಂದು ನೋಡಿ. 800, 900 ದಾಟುವಾಗಲೂ ನಿಧಾನ ಆಗದಿದ್ದರೆ ಅದು ನಿಲ್ಲುವ ಮುಳ್ಳಲ್ಲ. ಆಗಲೇ ಇಂಧನ ಕಡಿದು, ಸ್ಟಾರ್ಟರ್ ತಿರುಗುತ್ತಾ ಇರಲಿ, ಒಳಗಿನ ಬಿಸಿ ಹೊರಗೆ ಹೋಗಲಿ. ಜೊತೆಗೆ ಎನ್‌ಜಿ ನೋಡಿ. ಐಟಿಟಿ ಏರುತ್ತಿದೆ, ಎನ್‌ಜಿ ಮಾತ್ರ ಸೋಮಾರಿಯಾಗಿ ತೆವಳುತ್ತಿದೆ ಎಂದರೆ ಬ್ಯಾಟರಿಗೆ ಶಕ್ತಿ ಸಾಲದು. ಸ್ಟಾರ್ಟ್‌ಗೆ ಮೊದಲು ವೋಲ್ಟ್ ಮೀಟರ್ 24ಕ್ಕಿಂತ ಕೆಳಗಿದ್ದರೆ ನಾನು ಹೊರಗಿನ ಪವರ್ ಹಾಕಿಸದೆ ಸ್ಟಾರ್ಟ್ ಮಾಡಲು ಬಿಡುತ್ತಿರಲಿಲ್ಲ. ಇಂಧನ ನಿಯಂತ್ರಕ ಕೆಟ್ಟಾಗ ಕೈಯಿಂದಲೇ ಇಂಧನ ಕೊಡುವ ಎಮರ್ಜೆನ್ಸಿ ಪವರ್ ಲಿವರ್ ನಾರ್ಮಲ್‌ನಲ್ಲಿ ಇದೆಯಾ ಎಂದೂ ಮುಟ್ಟಿ ನೋಡಿ. ಅದು ಸ್ವಲ್ಪ ಮುಂದಿದ್ದರೆ ಇಂಧನ ಸುರಿದು ಎಂಜಿನ್ ಬೇಯುತ್ತದೆ. ಅದಕ್ಕೆ ಮಾತ್ರ ಒಂದು ಕೆಂಪು ದೀಪ ಇಟ್ಟಿದ್ದಾರೆ, ಗಮನಿಸಿದ್ದೀರಾ?

ಮುಂದಿನ ಸಲ ಲೇಹ್‌ನಲ್ಲೇ ಇನರ್ಷಿಯಲ್ ಸೆಪರೇಟರನ್ನು, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯಿಂದ ಮಂಜು, ಕಸ ಬೇರೆ ಮಾಡುವ ಸಾಧನವನ್ನು, ಬೈಪಾಸ್‌ಗೆ ಹಾಕಿ ನೋಡಿ. ಐಟಿಟಿ ಅಷ್ಟೇ ಇಟ್ಟರೆ ಟಾರ್ಕ್ ಎಷ್ಟು ಇಳಿಯುತ್ತದೆ, ಬರೆದು ಹಾಕಿ.